ಮೋಟಾರು ಗಾಡಿಯ ತಂಪುಯಂತ್ರದಲ್ಲಿ ಶೀತಕದ ಸಂಚಾರ

ಹಳ್ಳಿಗಳಲ್ಲಿ ಮೋಟಾರು ಗಾಡಿಯನ್ನು ಇಟ್ಟುಕೊಂಡಿರುವ ಜಮೀನುದಾರರ ಸಂಖ್ಯೆಯು ಈಗ ಸ್ವಲ್ಪವಲ್ಲ. ಅವರ ಗಾಡಿಗಳಲ್ಲಿ ಬಹುಮಟ್ಟಿಗೆ ಎಲ್ಲವೂ ತಂಪುಯಂತ್ರದಿಂದ ಕೂಡಿದವುಗಳೇ ಆಗಿವೆ. ಕೊಯ್ಲುಯಂತ್ರಗಳಲ್ಲಿಯೂ ದೊಡ್ಡ ಟ್ರ್ಯಾಕ್ಟರುಗಳಲ್ಲಿಯೂ ನಡೆಸುವವನು ಕೂಡುವ ಗೂಡಿಗೆ ಇದೇ ಯಂತ್ರವನ್ನು ಅಳವಡಿಸುವ ರೂಢಿಯು ಬಂದಿರುತ್ತದೆ. ಆದರೆ ಈ ಯಂತ್ರವು ಹೇಗೆ ಕೆಲಸಮಾಡುವುದೆಂಬುದನ್ನು ತಿಳಿದವರು ಕಡಮೆ. “ಗ್ಯಾಸ್ ಮುಗಿದಿದೆ, ತುಂಬಿಸಬೇಕು” ಎಂದು ದುರಸ್ತಿಯವನು ಹೇಳಿದರೆ, ಪೆಟ್ರೋಲು ಮುಗಿದಂತೆ ಇದೂ ಮುಗಿಯುವುದೆಂದು ಭಾವಿಸಿ, ಬೇಸಗೆಯು ಬಂದಾಗಲೆಲ್ಲ ಹಣವನ್ನು ಕೊಟ್ಟು ಬರುವವರೇ ಹೆಚ್ಚು. ಹೀಗೆ ಭಾವಿಸುವುದು ತಪ್ಪು. ಈ ತಪ್ಪಿನಿಂದ ಹಣನಷ್ಟವಾಗುವುದಲ್ಲದೆ, ಕೆಲವು ವೇಳೆ ಪ್ರಾಣಾಪಾಯಕ್ಕೂ ಎಡೆಯಾಗುವುದು. ಆದಕಾರಣ ಯಂತ್ರದೊಳಗೆ ಶೀತಕವು ಸಂಚರಿಸುವ ಕ್ರಮವನ್ನೂ, ಯಜಮಾನನು ಅನುಸರಿಸತಕ್ಕ ಎಚ್ಚರಿಕೆಗಳನ್ನೂ ಈ ಲೇಖನದಲ್ಲಿ ವಿವರಿಸಲಾಗುವುದು.

ಊರಿನ ಹಾಲಿನ ಸಂಘದಲ್ಲಿ ಹಾಲನ್ನು ೪ ಡಿಗ್ರಿ ಸೆಂಟಿಗ್ರೇಡಿಗೆ ಇಳಿಸುವ ದೊಡ್ಡ ತೊಟ್ಟಿಯೂ, ಬ್ಯಾಡಗಿಯಲ್ಲಿ ಒಣ ಮೆಣಸಿನಕಾಯಿಯನ್ನು ಕಾಪಾಡುವ ಶೀತಲಗೃಹಗಳೂ ಇದೇ ತತ್ತ್ವದಿಂದಲೇ ನಡೆಯುವುವು. ಒಂದನ್ನು ತಿಳಿದರೆ ಉಳಿದವೂ ತಿಳಿದಂತೆಯೇ.

೧. ತಂಪೆಂಬುದು ಯಾವುದು

ಮೊದಲನೆಯದಾಗಿ, ಈ ಯಂತ್ರವು ತಂಪನ್ನು ಉಂಟುಮಾಡುವುದಿಲ್ಲವೆಂಬುದನ್ನು ಮನಸ್ಸಿನಲ್ಲಿಡತಕ್ಕದ್ದು. ತಂಪೆಂಬ ಬೇರೊಂದು ವಸ್ತುವೇ ಇಲ್ಲ; ಶಾಖವು ಕಡಮೆಯಾದ ಸ್ಥಿತಿಯೇ ತಂಪು. ಯಂತ್ರವು ಮಾಡುವುದೇನೆಂದರೆ, ಗಾಡಿಯ ಒಳಗಿನ ಶಾಖವನ್ನು ಎತ್ತಿ ಹೊರಕ್ಕೆ ಚೆಲ್ಲುವುದು, ಅಷ್ಟೆ.

ನೀರು ಎತ್ತರದಿಂದ ತಗ್ಗಿಗೆ ಹರಿಯುವಂತೆ, ಶಾಖವೂ ಬಿಸಿಯಾದ ವಸ್ತುವಿನಿಂದ ತಣ್ಣನೆಯ ವಸ್ತುವಿಗೆ ತಾನಾಗಿ ಹರಿಯುವುದು. ಹೊರಗೆ ೪೦ ಡಿಗ್ರಿ ಬಿಸಿಲಿದ್ದು, ಗಾಡಿಯ ಒಳಗನ್ನು ೨೫ ಡಿಗ್ರಿಗೆ ಇಳಿಸಬೇಕಾದರೆ, ಶಾಖವನ್ನು ತಗ್ಗಿನಿಂದ ಎತ್ತರಕ್ಕೆ ಸಾಗಿಸಬೇಕಾಗುವುದು. ಅದು ತಾನಾಗಿ ನಡೆಯದು. ಬಾವಿಯ ನೀರನ್ನು ಗದ್ದೆಗೆ ಹಾಯಿಸಲು ಹಿಂದೆ ಕಪಿಲೆಯನ್ನು ಕಟ್ಟುತ್ತಿದ್ದರಷ್ಟೆ? ಎತ್ತುಗಳು ಶ್ರಮಪಟ್ಟು ಎಳೆದರೆ ಬಾನಿಯು ಬರಿದಾಗಿ ಇಳಿದು, ತುಂಬಿ ಮೇಲೆ ಬಂದು, ನೀರನ್ನು ಚೆಲ್ಲಿ, ಪುನಃ ಇಳಿಯುತ್ತಿತ್ತು. ತಂಪುಯಂತ್ರದಲ್ಲಿ ಬಾನಿಯ ಕೆಲಸವನ್ನು ಮಾಡುವುದು ಶೀತಕವೆಂಬ ದ್ರವ್ಯ. ಎತ್ತಿನ ಕೆಲಸವನ್ನು ಮಾಡುವುದು ಗಾಡಿಯ ಎಂಜಿನ್ನು. ಕಾರ್ಖಾನೆಯವರು ರೆಫ್ರಿಜರೆಂಟ್ ಎಂದೂ, ಜನರು ಬರಿಯ ಗ್ಯಾಸ್ ಎಂದೂ ಕರೆಯುವುದು ಈ ಶೀತಕವನ್ನೇ. ಕಪಿಲೆಯ ಬಾನಿಯು ನೀರನ್ನು ಎತ್ತುವುದರಿಂದ ಸವೆದುಹೋಗುವುದಿಲ್ಲವಷ್ಟೆ? ಹಾಗೆಯೇ ಶೀತಕವೂ ಕೆಲಸಮಾಡುವುದರಿಂದ ಖರ್ಚಾಗುವುದಿಲ್ಲ. ಅದೇ ದ್ರವ್ಯವು ಮುಚ್ಚಿದ ಕೊಳವೆಗಳಲ್ಲಿ ಎಡೆಬಿಡದೆ ಸುತ್ತುತ್ತಿರುವುದು.

೨. ಆವಿಯಾಗುವಾಗ ಶಾಖವು ಹೀರಲ್ಪಡುವುದು

ಮಣ್ಣಿನ ಹೂಜಿಯಲ್ಲಿಟ್ಟ ನೀರು ಬೇಸಗೆಯಲ್ಲಿಯೂ ತಣ್ಣಗಿರುವುದನ್ನು ಎಲ್ಲರೂ ಬಲ್ಲರು. ಹೂಜಿಯ ಮೈಯಿಂದ ಜಿನುಗಿದ ನೀರು ಆವಿಯಾಗುವಾಗ, ಅದಕ್ಕೆ ಬೇಕಾದ ಶಾಖವನ್ನು ಒಳಗಿನ ನೀರಿನಿಂದಲೇ ಎಳೆದುಕೊಳ್ಳುವುದೇ ಇದಕ್ಕೆ ಕಾರಣ. ಇದಕ್ಕೆ ವಿರುದ್ಧವಾದ ಕ್ರಿಯೆಯನ್ನು ಅನ್ನದ ಪಾತ್ರೆಯ ಮುಚ್ಚಳದಲ್ಲಿ ಕಾಣಬಹುದು. ಅಲ್ಲಿ ಆವಿಯು ತಣ್ಣನೆಯ ಮುಚ್ಚಳವನ್ನು ತಾಗಿ ಪುನಃ ನೀರಾಗಿ, ತನ್ನಲ್ಲಿದ್ದ ಶಾಖವನ್ನು ಮುಚ್ಚಳಕ್ಕೆ ಕೊಟ್ಟುಬಿಡುವುದು. ದ್ರವವು ಆವಿಯಾಗುವಾಗ ಶಾಖವನ್ನು ಹೀರುವುದು, ಆವಿಯು ದ್ರವವಾಗುವಾಗ ಶಾಖವನ್ನು ಬಿಡುವುದು, ಈ ಎರಡೇ ಕ್ರಿಯೆಗಳ ಮೇಲೆ ತಂಪುಯಂತ್ರವೆಲ್ಲವೂ ನಿಂತಿದೆ.

ಆದರೆ ಒಂದು ದ್ರವವು ಯಾವ ಉಷ್ಣದಲ್ಲಿ ಕುದಿಯುವುದೆಂಬುದು ಅದರ ಮೇಲಿರುವ ಒತ್ತಡವನ್ನು ಅವಲಂಬಿಸಿರುವುದು. ಬಿಗಿಯಾಗಿ ಮುಚ್ಚಿದ ಕುಕ್ಕರಿನಲ್ಲಿ ಒತ್ತಡವು ಹೆಚ್ಚುವುದರಿಂದ ನೀರು ೧೦೦ ಡಿಗ್ರಿಗೆ ಕುದಿಯದೆ ಸುಮಾರು ೧೨೦ ಡಿಗ್ರಿಯವರೆಗೆ ಕಾಯುವುದು. ಎತ್ತರವಾದ ಬೆಟ್ಟದ ಮೇಲೆ ಒತ್ತಡವು ಕಡಮೆಯಾದಕಾರಣ ಅದೇ ನೀರು ಬೇಗನೆ ಕುದಿಯುವುದು. ಹೀಗೆ ಒತ್ತಡವನ್ನು ಏರಿಸಿ ಇಳಿಸುವುದರಿಂದ ಒಂದು ದ್ರವ್ಯವನ್ನು ನಮಗೆ ಬೇಕಾದ ಉಷ್ಣದಲ್ಲಿ ಆವಿಯಾಗುವಂತೆಯೂ, ಬೇಕಾದ ಉಷ್ಣದಲ್ಲಿ ದ್ರವವಾಗುವಂತೆಯೂ ಮಾಡಬಹುದು.

ಹಾಗಾದರೆ ನೀರನ್ನೇ ಏಕೆ ಉಪಯೋಗಿಸಬಾರದೆಂದು ಕೆಲವರು ಕೇಳಬಹುದು. ನೀರನ್ನು ೦ ಡಿಗ್ರಿಯ ಸಮೀಪದಲ್ಲಿ ಕುದಿಸಬೇಕಾದರೆ ಒತ್ತಡವನ್ನು ವಾತಾವರಣದ ಒತ್ತಡದ ನೂರೈವತ್ತನೆಯ ಒಂದು ಪಾಲಿಗಿಂತಲೂ ಕೆಳಕ್ಕೆ ಇಳಿಸಬೇಕಾಗುವುದು. ಅಷ್ಟು ತೆಳ್ಳನೆಯ ಆವಿಯನ್ನು ಎಳೆಯಲು ಗಾಡಿಗಿಂತಲೂ ದೊಡ್ಡದಾದ ಯಂತ್ರವು ಬೇಕಾದೀತು. ಈಗ ನಮ್ಮ ದೇಶದ ಗಾಡಿಗಳಲ್ಲಿ ಬಹುಮಟ್ಟಿಗೆ ಬಳಕೆಯಲ್ಲಿರುವ ಆರ್-೧೩೪ಎ ಎಂಬ ಶೀತಕವು ವಾತಾವರಣದ ಒತ್ತಡದಲ್ಲಿಯೇ ಸೊನ್ನೆಗಿಂತ ಕೆಳಗೆ ೨೬ ಡಿಗ್ರಿಯಲ್ಲಿ ಕುದಿಯುವುದು. ವಾತಾವರಣದ ಮೂರು ಪಾಲಿನಷ್ಟು ಒತ್ತಡದಲ್ಲಿ ಸುಮಾರು ೦ ಡಿಗ್ರಿಯಲ್ಲಿಯೂ, ಹದಿನೈದು ಹದಿನಾರು ಪಾಲಿನಷ್ಟು ಒತ್ತಡದಲ್ಲಿ ಸುಮಾರು ೫೫ರಿಂದ ೬೦ ಡಿಗ್ರಿಯಲ್ಲಿಯೂ ಕುದಿಯುವುದು. ಈ ಎರಡು ಉಷ್ಣಗಳು ನಮ್ಮ ಕೆಲಸಕ್ಕೆ ಬಹಳ ಅನುಕೂಲವಾದವುಗಳು. ಒಂದು ಗಾಡಿಯ ಒಳಗಿನ ಗಾಳಿಗಿಂತ ತಣ್ಣಗೆ, ಮತ್ತೊಂದು ಹೊರಗಿನ ಬಿಸಿಲಿಗಿಂತ ಬಿಸಿ.

೩. ಶೀತಕದ ಸಂಚಾರಕ್ರಮ

ಶೀತಕವು ಒಂದು ಸುತ್ತಿನಲ್ಲಿ ಐದು ಸ್ಥಾನಗಳನ್ನು ದಾಟುವುದು. ಅವುಗಳನ್ನು ಕ್ರಮವಾಗಿ ಹೇಳುವೆವು.

ಮೊದಲನೆಯದು ಕಂಪ್ರೆಸರ್, ಎಂದರೆ ಸಂಪೀಡಕಯಂತ್ರ. ಇದು ಎಂಜಿನ್ನಿನ ಪಕ್ಕದಲ್ಲಿದ್ದು ಪಟ್ಟಿಯಿಂದ ತಿರುಗುವುದು. ತಂಪಿನ ಗುಂಡಿಯನ್ನು ಒತ್ತಿದಾಗ ವಿದ್ಯುತ್ತಿನ ಅಯಸ್ಕಾಂತವು ಹಿಡಿತವನ್ನು ಕೂಡಿಸುವುದರಿಂದ ಟಕ್ಕೆಂಬ ಸದ್ದು ಕೇಳಿಬಂದು, ಯಂತ್ರವು ಕೆಲಸಕ್ಕೆ ತೊಡಗುವುದು. ವಿದ್ಯುತ್ತಿನಿಂದ ನಡೆಯುವ ಗಾಡಿಗಳಲ್ಲಿ ಪಟ್ಟಿಯಿಲ್ಲದೆ ಕಂಪ್ರೆಸರಿಗೆ ಪ್ರತ್ಯೇಕವಾದ ಮೋಟಾರು ಇರುವುದು. ತಣ್ಣನೆಯ, ಕಡಮೆ ಒತ್ತಡದ ಆವಿಯನ್ನು ಇದು ಹೀರಿಕೊಂಡು ಹಿಂಡುವುದು. ಬೈಸಿಕಲ್ಲಿಗೆ ಗಾಳಿಯನ್ನು ಹೊಡೆಯುವಾಗ ಪಂಪಿನ ತುದಿಯು ಬಿಸಿಯಾಗುವಂತೆ ಇಲ್ಲಿಯೂ ಆವಿಯು ಬಿಸಿಯಾಗಿ, ಕಂಪ್ರೆಸರಿನಿಂದ ಹೊರಡುವಾಗ ೭೦ರಿಂದ ೯೦ ಡಿಗ್ರಿಯವರೆಗೆ ಏರುವುದು. ಈ ಯಂತ್ರವು ಆವಿಯನ್ನು ಮಾತ್ರ ಹಿಂಡಬಲ್ಲದು. ದ್ರವವು ಹಿಂಡಿದರೆ ಕುಗ್ಗುವ ವಸ್ತುವಲ್ಲವಾದ್ದರಿಂದ, ಅದು ಒಳಹೊಕ್ಕರೆ ಯಂತ್ರದ ಅಂಗಗಳು ಮುರಿಯುವ ಸಂಭವವುಂಟು. ಶೀತಕದೊಡನೆ ಸ್ವಲ್ಪ ಎಣ್ಣೆಯೂ ಬೆರೆತು ಸುತ್ತುತ್ತ, ಕಂಪ್ರೆಸರಿನ ಅಂಗಗಳನ್ನು ಸವೆಯದಂತೆ ಕಾಪಾಡುವುದು.

ಎರಡನೆಯದು ಕಂಡೆನ್ಸರ್. ಇದು ಗಾಡಿಯ ಮೂತಿಯಲ್ಲಿ, ರೇಡಿಯೇಟರಿನ ಮುಂದೆ ನಿಂತಿರುವ ಚಪ್ಪಟೆಯಾದ ಕೊಳವೆಗಳ ಚೌಕಟ್ಟು. ಕೊಳವೆಗಳ ನಡುವೆ ತೆಳುವಾದ ಅಲ್ಯೂಮಿನಿಯಂ ಎಸಳುಗಳಿರುವುವು. ಬಿಸಿಯಾದ ಆವಿಯು ಇದರೊಳಗೆ ಹರಿಯುವಾಗ, ಗಾಡಿಯು ಓಡುವ ವೇಗದಿಂದಾಗಲಿ ಬೀಸಣಿಗೆಯಿಂದಾಗಲಿ ಬರುವ ಗಾಳಿಯು ಶಾಖವನ್ನು ಒಯ್ಯುವುದು. ಹೊರಗಿನ ಗಾಳಿಯು ೪೦ ಡಿಗ್ರಿಯಿದ್ದರೂ ಆವಿಯು ಅದಕ್ಕಿಂತ ಬಿಸಿಯಾಗಿರುವುದರಿಂದಲೇ ಶಾಖವು ಹೊರಕ್ಕೆ ಹರಿಯುವುದು. ಹೀಗೆ ಶಾಖವನ್ನು ಕಳೆದುಕೊಂಡ ಆವಿಯು ಅದೇ ಒತ್ತಡದಲ್ಲಿ ಕ್ರಮೇಣ ದ್ರವವಾಗಿ ಕೆಳಗಿನಿಂದ ಹೊರಬರುವುದು. ಕಪಿಲೆಯ ಬಾನಿಯು ದಡದ ಮೇಲೆ ನೀರನ್ನು ಚೆಲ್ಲಿದ ಸ್ಥಾನವೇ ಇದು.

ಮೂರನೆಯದು ರಿಸೀವರ್-ಡ್ರೈಯರ್. ಇದು ಕಂಡೆನ್ಸರಿನ ಪಕ್ಕದಲ್ಲಿ, ಅಥವಾ ಅದಕ್ಕೇ ಅಂಟಿಕೊಂಡು ಇರುವ ಚಿಕ್ಕ ಸೀಸೆಯಂತಹ ಪಾತ್ರೆ. ಇದಕ್ಕೆ ಮೂರು ಕೆಲಸಗಳುಂಟು: ದ್ರವವನ್ನು ಕೂಡಿಡುವುದು, ಕಸವನ್ನು ಸೋಸುವುದು, ತೇವವನ್ನು ಹೀರಿಕೊಳ್ಳುವುದು. ತೇವವು ಈ ಯಂತ್ರಕ್ಕೆ ದೊಡ್ಡ ಶತ್ರು. ಒಂದು ಹನಿ ನೀರು ಒಳಗಿದ್ದರೂ ಮುಂದಿನ ಕಿರಿದಾದ ದಾರಿಯಲ್ಲಿ ಹೆಪ್ಪುಗಟ್ಟಿ ಶೀತಕವನ್ನು ತಡೆಯಬಹುದು. ಅಲ್ಲದೆ ಎಣ್ಣೆಯೊಡನೆಯೂ ಶೀತಕದೊಡನೆಯೂ ಸೇರಿ ಆಮ್ಲವನ್ನು ಉಂಟುಮಾಡಿ ಲೋಹವನ್ನು ತಿನ್ನುವುದು. ಆದಕಾರಣವೇ ಕೊಳವೆಯನ್ನು ಬಿಚ್ಚಿ ಬಹಳ ಹೊತ್ತು ತೆರೆದಿಟ್ಟಲ್ಲಿ ಈ ಪಾತ್ರೆಯನ್ನು ಹೊಸದಾಗಿ ಹಾಕತಕ್ಕದ್ದು.

ನಾಲ್ಕನೆಯದು ಎಕ್ಸ್‌ಪ್ಯಾನ್ಶನ್ ವಾಲ್ವ್, ಎಂದರೆ ಹಿಗ್ಗುಕವಾಟ. ಹೆಚ್ಚು ಒತ್ತಡದ ಭಾಗಕ್ಕೂ ಕಡಮೆ ಒತ್ತಡದ ಭಾಗಕ್ಕೂ ನಡುವೆ ನಿಂತಿರುವ ಗಡಿಯಿದು. ಕೆರೆಯ ತೂಬಿನ ಹತ್ತಿರ ನೀರಗಂಟಿಯು ನಿಂತು, ಗದ್ದೆಗಳ ಅಗತ್ಯವನ್ನು ನೋಡಿ ಹೆಚ್ಚಾಗಿಯೂ ಕಡಮೆಯಾಗಿಯೂ ನೀರನ್ನು ಬಿಡುವಂತೆ, ಈ ಕವಾಟವು ಮುಂದಿನ ಸ್ಥಾನದಿಂದ ಹೊರಬರುವ ಆವಿಯ ಉಷ್ಣವನ್ನು ತಾನೇ ಅರಿತು, ಅದಕ್ಕೆ ತಕ್ಕಷ್ಟು ದ್ರವವನ್ನು ಸಣ್ಣ ರಂಧ್ರದ ಮೂಲಕ ಬಿಡುವುದು. ರಂಧ್ರವನ್ನು ದಾಟಿದ ಕೂಡಲೆ ಒತ್ತಡವು ಹದಿನೈದು ಪಾಲಿನಿಂದ ಮೂರು ಪಾಲಿಗೆ ಥಟ್ಟನೆ ಬೀಳುವುದು. ಆಗ ದ್ರವದಲ್ಲಿ ಸುಮಾರು ಮೂರನೆಯ ಒಂದು ಪಾಲು ತತ್‌ಕ್ಷಣವೇ ಆವಿಯಾಗಿ, ಉಳಿದ ಎರಡು ಪಾಲನ್ನು ೦ ಡಿಗ್ರಿಯ ಸಮೀಪಕ್ಕೆ ತಣ್ಣಗಾಗಿಸುವುದು. ಕೆಲವು ಗಾಡಿಗಳಲ್ಲಿ ಕವಾಟದ ಬದಲು ಬದಲಾಗದ ಅಳತೆಯ ಕಿರುಕೊಳವೆಯನ್ನು ಇಟ್ಟಿರುವರು. ಅಂತಹ ಗಾಡಿಗಳಲ್ಲಿ ತೇವವನ್ನು ಹೀರುವ ಪಾತ್ರೆಯು ಐದನೆಯ ಸ್ಥಾನದ ನಂತರ ಇದ್ದು, ಆವಿಯಾಗದೆ ಉಳಿದ ದ್ರವವು ಕಂಪ್ರೆಸರಿಗೆ ಹೋಗದಂತೆ ತಡೆಯುವುದು.

ಐದನೆಯದು ಎವಾಪೊರೇಟರ್, ಎಂದರೆ ಬಾಷ್ಪಕ. ಇದು ಗಾಡಿಯ ಒಳಗೆ, ಮುಂದಿನ ಹಲಗೆಯ ಹಿಂದೆ ಅಡಗಿರುವುದು. ತಣ್ಣನೆಯ ಶೀತಕವು ಇದರ ಕೊಳವೆಗಳಲ್ಲಿ ಕುದಿಯುತ್ತ ಸಾಗುವುದು. ಬೀಸಣಿಗೆಯು ಒಳಗಿನ ಗಾಳಿಯನ್ನು ಇದರ ಮೇಲೆ ಹಾಯಿಸುವುದು. ಗಾಳಿಯ ಶಾಖವನ್ನು ಹೀರಿ ಶೀತಕವೆಲ್ಲವೂ ಆವಿಯಾಗಿ, ಮತ್ತೂ ಕೆಲವು ಡಿಗ್ರಿಗಳಷ್ಟು ಬೆಚ್ಚಗಾಗಿ ಕಂಪ್ರೆಸರಿಗೆ ಹಿಂದಿರುಗುವುದು. ಹೀಗೆ ಸ್ವಲ್ಪ ಬೆಚ್ಚಗಾಗುವವರೆಗೂ ಕಾಯುವುದರಿಂದಲೇ ದ್ರವದ ಒಂದು ಹನಿಯೂ ಕಂಪ್ರೆಸರನ್ನು ಸೇರುವುದಿಲ್ಲವೆಂಬ ಭರವಸೆಯುಂಟಾಗುವುದು. ಗಾಳಿಯಲ್ಲಿದ್ದ ತೇವವು ಈ ತಣ್ಣನೆಯ ಎಸಳುಗಳ ಮೇಲೆ ಹನಿಗಟ್ಟಿ, ಒಂದು ನಳಿಗೆಯ ಮೂಲಕ ಗಾಡಿಯ ಕೆಳಗೆ ಸುರಿಯುವುದು. ನಿಂತ ಗಾಡಿಯ ಕೆಳಗೆ ನೀರು ತೊಟ್ಟಿಕ್ಕುವುದನ್ನು ಕಂಡು ಯಂತ್ರವು ಸೋರುತ್ತಿದೆಯೆಂದು ಹೆದರಬೇಕಾದುದಿಲ್ಲ. ಅದು ಯಂತ್ರವು ಚೆನ್ನಾಗಿ ನಡೆಯುತ್ತಿರುವುದರ ಗುರುತು. ಎಸಳುಗಳ ಮೇಲೆ ಮಂಜು ಹೆಪ್ಪುಗಟ್ಟಿ ಗಾಳಿಯ ದಾರಿಯನ್ನು ಮುಚ್ಚದಂತೆ, ಉಷ್ಣವನ್ನು ಅಳೆಯುವ ಚಿಕ್ಕ ಸಾಧನವೊಂದು ಕಂಪ್ರೆಸರನ್ನು ಆಗಾಗ್ಗೆ ನಿಲ್ಲಿಸುವುದು, ಅಥವಾ ಅದರ ಎಳೆತವನ್ನು ಕುಗ್ಗಿಸುವುದು.

ಗಾಡಿಯ ಮುಚ್ಚಳವನ್ನು ತೆರೆದು ಕೈಯಿಂದ ಮುಟ್ಟದೆ ಕಣ್ಣಿನಿಂದಲೇ ಈ ಸಂಚಾರವನ್ನು ಗುರುತಿಸಬಹುದು. ತಣ್ಣಗೆ ಬೆವರಿರುವ ದಪ್ಪ ಕೊಳವೆಯು ಆವಿಯು ಹಿಂದಿರುಗುವ ದಾರಿ. ಒಣಗಿ ಬಿಸಿಯಾಗಿರುವ ಸಣ್ಣ ಕೊಳವೆಯು ದ್ರವವು ಹೋಗುವ ದಾರಿ. ಆವಿಗೆ ಹೆಚ್ಚು ಸ್ಥಳವೂ ದ್ರವಕ್ಕೆ ಕಡಮೆ ಸ್ಥಳವೂ ಬೇಕಾಗುವುದೇ ಈ ಭೇದಕ್ಕೆ ಕಾರಣ.

೪. ಒಂದು ಲೆಕ್ಕ

ಸಾಧಾರಣವಾದ ಗಾಡಿಯಲ್ಲಿ ತುಂಬಿರುವ ಶೀತಕವು ಸುಮಾರು ಅರ್ಧ ಕಿಲೋಗ್ರಾಂ ಮಾತ್ರ. ಇಷ್ಟು ಸ್ವಲ್ಪ ದ್ರವ್ಯದಿಂದ ಗಾಡಿಯೆಲ್ಲವೂ ತಣ್ಣಗಾಗುವುದು ಹೇಗೆಂದರೆ, ಹೀಗೆ ಲೆಕ್ಕಹಾಕಬಹುದು. ಒಂದು ಕಿಲೋಗ್ರಾಂ ಆರ್-೧೩೪ಎ ದ್ರವವು ೦ ಡಿಗ್ರಿಯಲ್ಲಿ ಆವಿಯಾಗಲು ಸುಮಾರು ೨೦೦ ಕಿಲೋಜೌಲ್ ಶಾಖವನ್ನು ಹೀರುವುದು. ಕವಾಟದಲ್ಲಿಯೇ ಮೂರನೆಯ ಒಂದು ಪಾಲು ಆವಿಯಾಗಿ ಹೋಗುವುದರಿಂದ ನಮಗೆ ದೊರೆಯುವುದು ಸುಮಾರು ೧೩೦. ಸೆಕೆಂಡಿಗೆ ೪ ಕಿಲೋಜೌಲ್ ಶಾಖವನ್ನು ಗಾಡಿಯಿಂದ ಎತ್ತಬೇಕಾದರೆ, ಸೆಕೆಂಡಿಗೆ ೩೦ ಗ್ರಾಮಿನಷ್ಟು ಶೀತಕವು ಹರಿಯಬೇಕು. ಎಂದರೆ ಅರ್ಧ ಕಿಲೋಗ್ರಾಮೂ ಮಿನಿಟಿಗೆ ಮೂರು ನಾಲ್ಕು ಸುತ್ತುಗಳಂತೆ ಸುತ್ತುತ್ತಿರುವುದು.

ಈ ೪ ಪಾಲು ಶಾಖವನ್ನು ಎತ್ತಲು ಎಂಜಿನ್ನು ಸುಮಾರು ೨ ಪಾಲು ಶಕ್ತಿಯನ್ನು ವೆಚ್ಚಮಾಡುವುದು. ಆ ಶಕ್ತಿಯೂ ಶಾಖವಾಗಿ ಮಾರ್ಪಡುವುದರಿಂದ ಕಂಡೆನ್ಸರು ಹೊರಕ್ಕೆ ಚೆಲ್ಲಬೇಕಾದುದು ೪ ಅಲ್ಲ, ೬ ಪಾಲು. ಈ ಲೆಕ್ಕದಿಂದ ಎರಡು ಸಂಗತಿಗಳು ವೇದ್ಯವಾಗುವುವು. ಒಂದು, ತಂಪಿಗಾಗಿ ಇಂಧನವು ಖರ್ಚಾಗಿಯೇ ತೀರುವುದು. ಎರಡು, ಕಂಡೆನ್ಸರಿನ ಮೇಲೆ ಗಾಳಿಯು ಚೆನ್ನಾಗಿ ಹಾಯದಿದ್ದರೆ, ಉಳಿದ ಅಂಗಗಳೆಲ್ಲವೂ ಸರಿಯಾಗಿದ್ದರೂ ತಂಪು ದೊರೆಯುವುದಿಲ್ಲ. ನಿಂತ ಗಾಡಿಯಲ್ಲಿ ತಂಪು ಕಡಮೆಯಾಗಿ, ಓಡುವಾಗ ಹೆಚ್ಚುವುದಕ್ಕೆ ಮುಖ್ಯವಾದ ಕಾರಣಗಳಲ್ಲಿ ಇದೂ ಒಂದು. ನಿಂತಾಗ ಕಂಪ್ರೆಸರಿನ ಸುತ್ತು ಕಡಮೆಯಾಗುವುದು ಮತ್ತೊಂದು.

೫. ಶೀತಕದ್ರವ್ಯಗಳ ಪೂರ್ವೋತ್ತರ

ಆವಿಯನ್ನು ಹಿಂಡಿ ತಂಪುಮಾಡುವ ಯಂತ್ರಕ್ಕೆ ೧೮೩೪ರಲ್ಲಿ ಲಂಡನ್ನಿನಲ್ಲಿದ್ದ ಜೇಕಬ್ ಪರ್ಕಿನ್ಸ್ ಎಂಬಾತನು ಪೇಟೆಂಟನ್ನು ಪಡೆದನು. ಆತನು ಉಪಯೋಗಿಸಿದುದು ಈಥರ್. ಆಮೇಲೆ ಅಮೋನಿಯ, ಗಂಧಕದ ಡೈಆಕ್ಸೈಡ್ ಮೊದಲಾದ ವಿಷಕಾರಿ ವಸ್ತುಗಳು ಬಳಕೆಗೆ ಬಂದುವು. ಅಮೋನಿಯವು ದೊಡ್ಡ ಶೀತಲಗೃಹಗಳಲ್ಲಿ ಇಂದಿಗೂ ಉಂಟು. ೧೯೨೮ರಲ್ಲಿ ಅಮೆರಿಕದ ಥಾಮಸ್ ಮಿಜ್ಲಿ ಮತ್ತು ಆತನ ಸಂಗಡಿಗರು ವಿಷವಲ್ಲದ, ಹೊತ್ತಿಕೊಳ್ಳದ ಸಿ.ಎಫ್.ಸಿ. ಎಂಬ ವರ್ಗದ ಶೀತಕಗಳನ್ನು ಸಿದ್ಧಪಡಿಸಿದರು. ಅವುಗಳಲ್ಲಿ ಆರ್-೧೨ ಎಂಬುದು ಮೋಟಾರು ಗಾಡಿಗಳಿಗೆ ಬಂದಿತು. ಕಾರ್ಖಾನೆಯಲ್ಲಿಯೇ ತಂಪುಯಂತ್ರವನ್ನು ಅಳವಡಿಸಿದ ಗಾಡಿಯನ್ನು ೧೯೩೯ರಲ್ಲಿ ಪ್ಯಾಕರ್ಡ್ ಸಂಸ್ಥೆಯವರು ಪ್ರಕಟಿಸಿದರು. ಅದರಲ್ಲಿ ಹಿಡಿತವನ್ನು ಬಿಡಿಸುವ ಸಾಧನವಿರಲಿಲ್ಲವಾದ್ದರಿಂದ, ತಂಪು ಬೇಡವಾದಾಗ ಎಂಜಿನ್ನನ್ನು ನಿಲ್ಲಿಸಿ ಪಟ್ಟಿಯನ್ನೇ ಕಳಚಬೇಕಾಗಿತ್ತು.

ಆರ್-೧೨ರ ದೋಷವು ಬಹುಕಾಲದ ಮೇಲೆ ಗೊತ್ತಾಯಿತು. ಅದರಲ್ಲಿನ ಕ್ಲೋರೀನು ಮೇಲಿನ ವಾಯುಮಂಡಲದ ಓಜೋನ್ ಪದರವನ್ನು ಕೆಡಿಸುವುದೆಂದು ೧೯೭೪ರಲ್ಲಿ ಮೊಲೀನಾ ಮತ್ತು ರೋಲೆಂಡ್ ಎಂಬ ವಿಜ್ಞಾನಿಗಳು ತಿಳಿಸಿದರು. ಸೂರ್ಯನ ಹಾನಿಕರವಾದ ಕಿರಣಗಳಿಂದ ಮನುಷ್ಯರನ್ನೂ ಪೈರುಗಳನ್ನೂ ಕಾಪಾಡುವುದು ಆ ಪದರವೇ. ೧೯೮೫ರಲ್ಲಿ ದಕ್ಷಿಣ ಧ್ರುವದ ಮೇಲೆ ಅದು ತೀರ ತೆಳ್ಳಗಾಗಿರುವುದು ಪ್ರಕಟವಾಯಿತು. ೧೯೮೭ರ ಸೆಪ್ಟೆಂಬರ್ ೧೬ರಲ್ಲಿ ಮಾಂಟ್ರಿಯಲ್ ನಗರದಲ್ಲಿ ರಾಷ್ಟ್ರಗಳು ಒಪ್ಪಂದವನ್ನು ಮಾಡಿಕೊಂಡುವು. ಭಾರತವು ೧೯೯೨ರಲ್ಲಿ ಅದಕ್ಕೆ ಸೇರಿತು. ಕ್ಲೋರೀನಿಲ್ಲದ ಆರ್-೧೩೪ಎ ಎಂಬುದು ೧೯೯೦ರ ನಂತರ ಆರ್-೧೨ರ ಸ್ಥಾನಕ್ಕೆ ಬಂದಿತು.

ಆರ್-೧೩೪ಎ ಓಜೋನಿಗೆ ಕೇಡನ್ನು ಮಾಡದಿದ್ದರೂ, ಭೂಮಿಯ ಶಾಖವನ್ನು ಹೊರಗೆ ಹೋಗಗೊಡದೆ ತಡೆಯುವ ಗುಣವು ಅದರಲ್ಲಿ ಪ್ರಬಲವಾಗಿದೆ. ನೂರು ವರ್ಷಗಳ ಲೆಕ್ಕದಲ್ಲಿ ಅದರ ಒಂದು ಕಿಲೋಗ್ರಾಂ ಸುಮಾರು ೧,೩೦೦ರಿಂದ ೧,೫೦೦ ಕಿಲೋಗ್ರಾಂ ಇಂಗಾಲದ ಡೈಆಕ್ಸೈಡಿಗೆ ಸಮಾನವೆಂದು ಎಣಿಸಲಾಗಿದೆ. ಒಂದು ಗಾಡಿಯ ಅರ್ಧ ಕಿಲೋಗ್ರಾಮನ್ನು ಗಾಳಿಗೆ ಬಿಟ್ಟರೂ ಅದು ಆರೇಳು ನೂರು ಕಿಲೋಗ್ರಾಂ ಇಂಗಾಲದ ಡೈಆಕ್ಸೈಡನ್ನು ಬಿಟ್ಟಂತೆ ಆಗುವುದು. ೨೦೧೬ರಲ್ಲಿ ಕಿಗಾಲಿಯಲ್ಲಿ ಇಂತಹ ದ್ರವ್ಯಗಳನ್ನೂ ಕ್ರಮಕ್ರಮವಾಗಿ ತಗ್ಗಿಸಬೇಕೆಂದು ರಾಷ್ಟ್ರಗಳು ಒಪ್ಪಿದುವು. ಭಾರತವು ೨೦೨೧ರಲ್ಲಿ ಅದನ್ನು ಸ್ಥಿರಪಡಿಸಿತು. ಆರ್-೧೨೩೪ವೈಎಫ್ ಎಂಬ ಹೊಸ ಶೀತಕಕ್ಕೆ ಈ ದೋಷವು ಅತ್ಯಲ್ಪ. ಆದರೆ ಅದು ಸ್ವಲ್ಪಮಟ್ಟಿಗೆ ಹೊತ್ತಿಕೊಳ್ಳುವ ಸ್ವಭಾವವುಳ್ಳದ್ದು. ಒಂದಕ್ಕೆ ಬದಲಾಗಿ ಮತ್ತೊಂದನ್ನು ತುಂಬಲಾಗದಂತೆ ಇವುಗಳ ತುಂಬುವ ಬಾಯಿಗಳನ್ನೇ ಬೇರೆಬೇರೆ ಅಳತೆಯಲ್ಲಿ ಮಾಡಿರುವರು.

೬. ಯಂತ್ರವು ಕೆಡುವ ಕಾರಣಗಳು

ಮೇಲಿನ ಕ್ರಮವನ್ನು ತಿಳಿದವರಿಗೆ ಕೇಡಿನ ಕಾರಣವನ್ನು ಊಹಿಸುವುದು ಕಷ್ಟವಲ್ಲ. ದುರಸ್ತಿಯವನು ಎರಡು ಮಾಪಕಗಳನ್ನು ಜೋಡಿಸಿ, ಒಂದರಿಂದ ಕಡಮೆ ಒತ್ತಡವನ್ನೂ ಮತ್ತೊಂದರಿಂದ ಹೆಚ್ಚು ಒತ್ತಡವನ್ನೂ ನೋಡುವನು. ಅವುಗಳ ಅರ್ಥವು ಸಾಮಾನ್ಯವಾಗಿ ಹೀಗಿರುವುದು:

(೧) ಎರಡೂ ಒತ್ತಡಗಳು ಕಡಮೆಯಾಗಿದ್ದರೆ, ಶೀತಕವು ಎಲ್ಲಿಯೋ ಸೋರಿಹೋಗಿದೆ.

(೨) ಎರಡೂ ಹೆಚ್ಚಾಗಿದ್ದರೆ, ಕಂಡೆನ್ಸರಿಗೆ ಕಸವು ಕಟ್ಟಿಕೊಂಡಿದೆ, ಅಥವಾ ಅದರ ಬೀಸಣಿಗೆಯು ನಿಂತಿದೆ, ಅಥವಾ ಶೀತಕವನ್ನು ಮಿತಿಮೀರಿ ತುಂಬಲಾಗಿದೆ, ಅಥವಾ ಒಳಗೆ ಗಾಳಿಯು ಸೇರಿದೆ.

(೩) ಕಡಮೆ ಒತ್ತಡದ ಭಾಗವು ಬಹಳವಾಗಿ ಕುಗ್ಗಿ ಶೂನ್ಯದ ಕಡೆಗೆ ಹೋಗುತ್ತಿದ್ದರೆ, ಕವಾಟದಲ್ಲಿಯೋ ಒಣಗಿಸುವ ಪಾತ್ರೆಯಲ್ಲಿಯೋ ದಾರಿಯು ಕಟ್ಟಿದೆ.

(೪) ಕಡಮೆಯಿರಬೇಕಾದುದು ಹೆಚ್ಚಿ, ಹೆಚ್ಚಿರಬೇಕಾದುದು ಕುಗ್ಗಿದ್ದರೆ, ಕಂಪ್ರೆಸರು ಸವೆದಿದೆ.

ಇವುಗಳಲ್ಲಿ ವ್ಯವಸಾಯಗಾರರಿಗೆ ಮುಖ್ಯವಾದುದು ಎರಡನೆಯದು. ಕೊಯ್ಲಿನ ಕಾಲದಲ್ಲಿ ಹೊಟ್ಟು, ಹುಲ್ಲಿನ ಚೂರು, ಧೂಳು ಇವೆಲ್ಲವೂ ಗಾಳಿಯೊಡನೆ ಬಂದು ಕಂಡೆನ್ಸರಿನ ಎಸಳುಗಳ ನಡುವೆ ತುಂಬಿಕೊಳ್ಳುವುವು. ಆಗ ಶಾಖವು ಹೊರಹೋಗದೆ ಒತ್ತಡವು ಏರಿ, ರಕ್ಷಣೆಗಾಗಿ ಇಟ್ಟಿರುವ ಸ್ವಿಚ್ಚು ಕಂಪ್ರೆಸರನ್ನು ನಿಲ್ಲಿಸಿಬಿಡುವುದು. ಯಜಮಾನನು ಶೀತಕವು ಮುಗಿದಿದೆಯೆಂದು ಭಾವಿಸಿ ಇನ್ನಷ್ಟು ತುಂಬಿಸಿದರೆ ಒತ್ತಡವು ಮತ್ತೂ ಏರಿ, ಕೆಡದಿದ್ದ ಯಂತ್ರವೂ ಕೆಡುವುದು. ಕೊಯ್ಲುಯಂತ್ರದ ಕಂಡೆನ್ಸರನ್ನು ಸುಗ್ಗಿಯಲ್ಲಿ ದಿನಕ್ಕೊಂದಾವರ್ತಿಯಾದರೂ, ಎಂಜಿನ್ನನ್ನು ನಿಲ್ಲಿಸಿ, ಒಳಗಡೆಯಿಂದ ಹೊರಗಡೆಗೆ ಮೆಲ್ಲನೆ ಗಾಳಿಯನ್ನು ಊದಿ ಶುಚಿಮಾಡತಕ್ಕದ್ದು. ಬಲವಾದ ನೀರಿನ ಧಾರೆಯನ್ನು ಹೊಡೆದರೆ ಎಸಳುಗಳು ಬಗ್ಗಿ ಗಾಳಿಯ ದಾರಿಯು ಮುಚ್ಚಿಹೋಗುವುದು. ಈ ಕೆಲಸಕ್ಕೆ ಒಂದು ಕಾಸೂ ಖರ್ಚಿಲ್ಲ.

೭. ಶೀತಕವನ್ನು ತುಂಬಿಸುವಾಗ ಗಮನಿಸತಕ್ಕ ವಿಷಯಗಳು

ರಬ್ಬರ್ ಕೊಳವೆಗಳಿಂದಲೂ ಕಂಪ್ರೆಸರಿನ ಅಚ್ಚಿನ ಸಂದಿನಿಂದಲೂ ವರ್ಷಕ್ಕೆ ಕೆಲವು ಗ್ರಾಮಿನಷ್ಟು ಶೀತಕವು ಜಿನುಗುವುದುಂಟು. ಆದರೆ ದೃಢವಾಗಿರುವ ಯಂತ್ರವು ಅನೇಕ ವರ್ಷಗಳವರೆಗೆ ತುಂಬಿಸದೆಯೇ ನಡೆಯುವುದು. ಪ್ರತಿ ಬೇಸಗೆಯಲ್ಲಿಯೂ ತುಂಬಿಸಬೇಕಾಗುತ್ತಿದ್ದರೆ, ಅಲ್ಲಿ ಸೋರಿಕೆಯಿದೆಯೆಂದೇ ತಿಳಿಯತಕ್ಕದ್ದು. ಒಡೆದ ಕೆರೆಯ ಏರಿಯನ್ನು ಕಟ್ಟದೆ ನೀರನ್ನು ತುಂಬಿಸಿದವನ ಗತಿಯೇ ಸೋರಿಕೆಯನ್ನು ಮುಚ್ಚಿಸದೆ ಶೀತಕವನ್ನು ತುಂಬಿಸಿದವನಿಗೂ ಒದಗುವುದು. ಶೀತಕದೊಡನೆ ಎಣ್ಣೆಯೂ ಸೋರುವುದರಿಂದ ಸೋರುವ ಸ್ಥಾನದಲ್ಲಿ ಅನೇಕ ವೇಳೆ ಎಣ್ಣೆಯ ಕಲೆಗೆ ಧೂಳು ಅಂಟಿರುವುದು ಕಾಣುವುದು.

ದುರಸ್ತಿಯವನಲ್ಲಿ ಈ ಕೆಳಗಿನ ಕ್ರಮವನ್ನು ಅಪೇಕ್ಷಿಸುವುದು ಯಜಮಾನನಿಗೆ ಯುಕ್ತ:

(೧) ಮೊದಲು ಸೋರಿಕೆಯನ್ನು ಸೋಪಿನ ನೊರೆಯಿಂದಲೋ, ಬಣ್ಣದ ದ್ರವ್ಯದಿಂದಲೋ, ವಿದ್ಯುತ್ ಶೋಧಕದಿಂದಲೋ ಹುಡುಕಿ ಮುಚ್ಚತಕ್ಕದ್ದು. ಒತ್ತಡವನ್ನು ಕೊಟ್ಟು ಪರೀಕ್ಷಿಸುವುದಾದರೆ ಒಣ ನೈಟ್ರೊಜನನ್ನೇ ಉಪಯೋಗಿಸತಕ್ಕದ್ದು. ಆಮ್ಲಜನಕವನ್ನು ಎಂದಿಗೂ ಬಿಡಕೂಡದು; ಅದು ಒಳಗಿನ ಎಣ್ಣೆಯೊಡನೆ ಸೇರಿ ಸಿಡಿಯುವ ಭಯವುಂಟು.

(೨) ಹಳೆಯ ಶೀತಕವನ್ನು ಗಾಳಿಗೆ ಬಿಡದೆ, ಯಂತ್ರದಿಂದ ಎಳೆದು ಪಾತ್ರೆಯಲ್ಲಿ ಸಂಗ್ರಹಿಸತಕ್ಕದ್ದು.

(೩) ಪಂಪಿನಿಂದ ಒಳಗಿನ ಗಾಳಿಯನ್ನೂ ತೇವವನ್ನೂ ಕಡಮೆಯೆಂದರೆ ಅರ್ಧ ಗಂಟೆಯವರೆಗೆ ಎಳೆದು ಶೂನ್ಯವನ್ನು ಉಂಟುಮಾಡಿ, ಆ ಶೂನ್ಯವು ನಿಲ್ಲುವುದೋ ಇಲ್ಲವೋ ಎಂದು ಸ್ವಲ್ಪ ಹೊತ್ತು ಕಾದು ನೋಡತಕ್ಕದ್ದು.

(೪) ಶೀತಕವನ್ನು ತೂಕಮಾಡಿಯೇ ತುಂಬತಕ್ಕದ್ದು. ಯಾವ ಶೀತಕ, ಎಷ್ಟು ಗ್ರಾಂ ಎಂಬುದನ್ನು ಗಾಡಿಯ ಮುಚ್ಚಳದ ಕೆಳಗೆ ಅಂಟಿಸಿದ ಚೀಟಿಯಲ್ಲಿ ಬರೆದಿರುವರು. ಬರಿಯ ಅಂದಾಜಿನಿಂದ ತುಂಬಿದರೆ ಕಡಮೆಯಾದರೂ ಹೆಚ್ಚಾದರೂ ತಂಪು ಕುಂದುವುದು.

(೫) ಎಣ್ಣೆಯು ಆ ಗಾಡಿಗೆ ವಿಧಿಸಿದ ಜಾತಿಯದೇ ಆಗಿರತಕ್ಕದ್ದು. ವಿದ್ಯುತ್ ಗಾಡಿಯಲ್ಲಿ ಬೇರೆ ಎಣ್ಣೆಯು ಸೇರಿದರೆ ವಿದ್ಯುತ್ತಿನ ರಕ್ಷಣೆಯೇ ಕೆಡುವುದು. ಅಂತಹ ಗಾಡಿಯ ಕೆಲಸವನ್ನು ತರಬೇತಾದವರಿಂದ ಮಾತ್ರ ಮಾಡಿಸತಕ್ಕದ್ದು.

೮. ಪ್ರಾಣಾಪಾಯದ ವಿಷಯ

ಬೆಲೆಯು ಕಡಮೆಯೆಂಬ ಕಾರಣದಿಂದ ಅಡಿಗೆಯ ಅನಿಲದಂತಹ, ಬೇಗನೆ ಹೊತ್ತಿಕೊಳ್ಳುವ ಅನಿಲಗಳನ್ನು ಈ ಯಂತ್ರಕ್ಕೆ ತುಂಬುವುದುಂಟು. ಅವೂ ತಂಪನ್ನು ಕೊಡುವುವು ಎಂಬುದು ನಿಜವೇ. ಮೋಸವು ಗೊತ್ತಾಗದಿರುವುದಕ್ಕೂ ಅದೇ ಕಾರಣ. ಆದರೆ ಎವಾಪೊರೇಟರು ಜನರು ಕೂಡುವ ಸ್ಥಳದಲ್ಲಿಯೇ ಇರುವುದರಿಂದ, ಅದು ಸೋರಿದರೆ ಹೊತ್ತಿಕೊಳ್ಳುವ ಅನಿಲವು ಮುಚ್ಚಿದ ಗಾಡಿಯೊಳಗೆ ತುಂಬಿ, ಒಂದು ಕಿಡಿಯಿಂದ ಇಡೀ ಕುಟುಂಬವೇ ಸುಟ್ಟುಹೋಗಬಹುದು. ಇದನ್ನು ಯಾವ ಕಾರಣಕ್ಕೂ ಒಪ್ಪಕೂಡದು. ತುಂಬುವುದಕ್ಕೆ ಮೊದಲು ಶೀತಕದ ಡಬ್ಬಿಯ ಮೇಲಿನ ಹೆಸರನ್ನು ಯಜಮಾನನು ತಾನೇ ಓದಿ ನೋಡುವುದು ಲೇಸು.

ಆರ್-೧೩೪ಎ ವಿಷವಲ್ಲದಿದ್ದರೂ ನಿರಪಾಯಕರವಲ್ಲ. ದ್ರವವು ಕಣ್ಣಿಗೋ ಚರ್ಮಕ್ಕೋ ತಾಗಿದರೆ ಆ ಭಾಗವು ಹೆಪ್ಪುಗಟ್ಟುವುದು. ಗಾಳಿಗಿಂತ ಭಾರವಾದ್ದರಿಂದ ತಗ್ಗಾದ ಗುಂಡಿಯಲ್ಲಿ ಸೇರಿ ಉಸಿರನ್ನು ಕಟ್ಟಿಸಬಹುದು. ಬೆಂಕಿಯ ಜ್ವಾಲೆಗೆ ತಾಗಿದರೆ ವಿಷಾನಿಲವಾಗಿ ಒಡೆಯುವುದು. ಆದಕಾರಣ ಸೋರುವ ಸ್ಥಾನದ ಹತ್ತಿರ ದೀಪವನ್ನಾಗಲಿ ಬೀಡಿಯನ್ನಾಗಲಿ ತರಕೂಡದು. ಕೊಳವೆಗಳನ್ನು ಮನೆಯಲ್ಲಿಯೇ ಬಿಚ್ಚುವ ಸಾಹಸವನ್ನೂ ಮಾಡಕೂಡದು.

ಮುಚ್ಚಿದ ಕೊಟ್ಟಿಗೆಯಲ್ಲಿ ಎಂಜಿನ್ನನ್ನು ಓಡಿಸಿಕೊಂಡು, ತಂಪು ಹಾಕಿಕೊಂಡು ಗಾಡಿಯಲ್ಲಿ ನಿದ್ರಿಸಕೂಡದು. ಎಂಜಿನ್ನಿನ ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡ್ ಎಂಬ ಅನಿಲಕ್ಕೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ನಿದ್ರೆಯಲ್ಲಿಯೇ ಪ್ರಾಣವನ್ನು ತೆಗೆಯುವುದು. ಬಿಸಿಲಿನಲ್ಲಿ ನಿಂತ ಗಾಡಿಯೊಳಗೆ ಮಕ್ಕಳನ್ನಾಗಲಿ ಪ್ರಾಣಿಗಳನ್ನಾಗಲಿ ಸ್ವಲ್ಪ ಹೊತ್ತಿಗೂ ಬಿಡಕೂಡದು. ತಂಪುಯಂತ್ರವು ನಿಂತ ಕೆಲವೇ ಮಿನಿಟುಗಳಲ್ಲಿ ಒಳಗಿನ ಉಷ್ಣವು ಅಪಾಯದ ಮಟ್ಟಕ್ಕೆ ಏರುವುದು.

ಔಷಧಿಯನ್ನು ಸಿಂಪಡಿಸುವ ಟ್ರ್ಯಾಕ್ಟರಿನ ಗೂಡು ತಣ್ಣಗಿದೆಯೆಂದ ಮಾತ್ರಕ್ಕೆ ನಡೆಸುವವನು ಸುರಕ್ಷಿತನೆಂದು ಎಣಿಸಕೂಡದು. ತಂಪುಯಂತ್ರವು ಗಾಳಿಯ ಶಾಖವನ್ನೂ ತೇವವನ್ನೂ ತೆಗೆಯಬಲ್ಲುದೇ ಹೊರತು, ಔಷಧಿಯ ಆವಿಯನ್ನಲ್ಲ. ಸಾಧಾರಣವಾದ ಸೋಸುಕವು ಧೂಳನ್ನು ಮಾತ್ರ ತಡೆಯುವುದು. ಆವಿಯನ್ನು ತಡೆಯಲು ಇದ್ದಿಲಿನಿಂದ ಕೂಡಿದ, ಅದಕ್ಕೆಂದೇ ಮಾಡಿದ ಸೋಸುಕವು ಬೇಕು. ಅದಿಲ್ಲದ ಪಕ್ಷದಲ್ಲಿ ಮುಖವಾಡ ಮೊದಲಾದ ರಕ್ಷಣೆಗಳನ್ನು ಬಿಡದೆ ಉಪಯೋಗಿಸತಕ್ಕದ್ದು.

೯. ಮಿತವಾದ ಉಪಯೋಗ

ಬಿಸಿಲಿನಲ್ಲಿ ನಿಂತಿದ್ದ ಗಾಡಿಯನ್ನು ಹತ್ತಿದ ಕೂಡಲೆ ಕಿಟಕಿಗಳನ್ನು ತೆರೆದು, ಬಿಸಿ ಗಾಳಿಯು ಹೊರಟುಹೋದ ಮೇಲೆ ಮುಚ್ಚಿ, ಒಳಗಿನ ಗಾಳಿಯೇ ಸುತ್ತುವಂತೆ ಗುಂಡಿಯನ್ನು ಇಟ್ಟರೆ ಬೇಗನೆ ತಂಪಾಗುವುದು. ದೂರದ ಪ್ರಯಾಣದಲ್ಲಿ ಆಗಾಗ್ಗೆ ಹೊರಗಿನ ಗಾಳಿಯನ್ನೂ ಬಿಟ್ಟುಕೊಳ್ಳತಕ್ಕದ್ದು. ಇಲ್ಲದಿದ್ದರೆ ಉಸಿರಿನಿಂದ ಗಾಳಿಯು ಕೆಟ್ಟು ನಡೆಸುವವನಿಗೆ ಮಂಪರು ಬರುವುದು. ಮಳೆಗಾಲ ಚಳಿಗಾಲಗಳಲ್ಲಿಯೂ ವಾರಕ್ಕೋ ಹತ್ತು ದಿನಕ್ಕೋ ಒಂದಾವರ್ತಿ ಹತ್ತು ಮಿನಿಟುಗಳವರೆಗೆ ಯಂತ್ರವನ್ನು ನಡೆಸಿದರೆ, ಎಣ್ಣೆಯು ಸಂದುಗಳಿಗೆಲ್ಲ ತಲಪಿ ಅವು ಒಣಗದಂತೆ ಕಾಪಾಡುವುದು. ಎವಾಪೊರೇಟರಿನ ಮುಂದಿನ ಸೋಸುಕವು ಧೂಳಿನಿಂದ ತುಂಬಿದ್ದರೂ ತಂಪು ಕಡಮೆಯಾಗುವುದು. ಅದನ್ನು ಬದಲಾಯಿಸುವ ವೆಚ್ಚವು ಬಹಳವಲ್ಲ.

ತಾತ್ಪರ್ಯವೇನೆಂದರೆ, ಶೀತಕವು ಮುಚ್ಚಿದ ದಾರಿಯಲ್ಲಿ ಸುತ್ತುವ ದ್ರವ್ಯವೇ ಹೊರತು ಉರಿದುಹೋಗುವ ಇಂಧನವಲ್ಲ. ಅದು ಕಡಮೆಯಾಗಿದ್ದರೆ ಎಲ್ಲಿಂದಲೋ ಹೊರಗೆ ಹೋಗಿರಬೇಕು; ಕಡಮೆಯಾಗದಿದ್ದರೆ ತುಂಬಿಸುವ ಅಗತ್ಯವಿಲ್ಲ. ತಂಪು ಕುಂದಿದಾಗ ಮೊದಲು ಕಂಡೆನ್ಸರಿನ ಕಸವನ್ನೂ ಸೋಸುಕವನ್ನೂ ನೋಡಿ, ಅನಂತರ ಸೋರಿಕೆಯನ್ನು ಹುಡುಕಿಸಿ, ಕೊನೆಗೆ ತೂಕದ ಪ್ರಕಾರ ಶೀತಕವನ್ನು ತುಂಬಿಸುವುದೇ ಸರಿಯಾದ ಕ್ರಮ. ಗ್ರಾಮದ ಮುಖಂಡರು ಈ ಸಂಗತಿಗಳನ್ನು, ಮುಖ್ಯವಾಗಿ ಹೊತ್ತಿಕೊಳ್ಳುವ ಅನಿಲಗಳನ್ನು ತುಂಬಿಸುವುದರಿಂದಾಗುವ ಅಪಾಯವನ್ನು, ಗಾಡಿಗಳನ್ನೂ ಕೊಯ್ಲುಯಂತ್ರಗಳನ್ನೂ ಇಟ್ಟುಕೊಂಡಿರುವ ತಮ್ಮ ಊರಿನವರಿಗೆ ತಿಳಿಯಪಡಿಸಬೇಕಾಗಿ ಪ್ರಾರ್ಥನೆ.